ತುಂಡಾದ ನರಕ್ಕೆ ದಾರಿ ಕಟ್ಟುವ ಕೋಶಗಳು

ಕೇಳುಗರೆ, ನಮಸ್ಕಾರ. ಒಡೆದ ಗಾಜು ಮಣಿಕಟ್ಟನ್ನು ಸೀಳಿ ಮೀಡಿಯನ್ ನರ ತುಂಡಾಯಿತು ಎಂದುಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳು ಆ ಕ್ಷಣವೇ ಮರಗಟ್ಟುತ್ತವೆ. ಚರ್ಮದ ಗಾಯ ಬೇಗ ಮಾಯುತ್ತದೆ. ಸ್ಪರ್ಶ ಮರಳಲು ತಿಂಗಳುಗಳೇ ಬೇಕು.

ಗಾಯದಿಂದ ಬೆರಳ ಕಡೆಗಿರುವ ನರತಂತುಗಳು ಕೆಲವೇ ದಿನಗಳಲ್ಲಿ ಚೂರುಚೂರಾಗುತ್ತವೆ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ಇದನ್ನು ವಿವರಿಸಿದರು. ತಂತು ಅಳಿದರೂ ಅದನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಉಳಿಯುತ್ತವೆ. ನರ ಮತ್ತೆ ಬೆಳೆಯುವುದು ಇವುಗಳ ಆಸರೆಯಲ್ಲೇ.

ತಂತುವಿನ ಒಡನಾಟ ತಪ್ಪಿದ ಕೂಡಲೆ ಶ್ವಾನ್ ಕೋಶದೊಳಗೆ ಸಿ-ಜನ್ ಎಂಬ ಪ್ರೊಟೀನು ಹೆಚ್ಚುತ್ತದೆ. ಇದು ಜೀನುಗಳ ಸ್ವಿಚ್ಚು. ತಂತುವಿನ ಸುತ್ತಲಿನ ಕೊಬ್ಬಿನ ಹೊದಿಕೆ, ಅಂದರೆ ಮಯಲಿನ್, ಅದರ ತಯಾರಿಕೆ ನಿಲ್ಲುತ್ತದೆ, ರಿಪೇರಿ ಶುರುವಾಗುತ್ತದೆ. ಕೋಶ ತನ್ನದೇ ಹಳೆಯ ಮಯಲಿನನ್ನು ಅರಗಿಸಿಕೊಳ್ಳುತ್ತದೆ. ಉಳಿದ ಕಸ ಬಳಿಯಲು ಸಿಸಿಎಲ್2 ಎಂಬ ಸಂಕೇತ ಹೊರಡಿಸಿ ರಕ್ತದಿಂದ ಮ್ಯಾಕ್ರೊಫೇಜುಗಳೆಂಬ ಕಸ ನುಂಗುವ ಕೋಶಗಳನ್ನು ಕರೆಸಿಕೊಳ್ಳುತ್ತದೆ. ಮಯಲಿನ್ ಕಸದಲ್ಲಿ ತಂತುವಿನ ಬೆಳವಣಿಗೆ ತಡೆಯುವ ಅಣುಗಳಿವೆ. ಬೆನ್ನುಹುರಿಯಲ್ಲಿ ಈ ಶುಚಿ ಕೆಲಸ ಬಹಳ ನಿಧಾನ. ಅಲ್ಲಿನ ಗಾಯ ಕೂಡಿಕೊಳ್ಳದಿರಲು ಇದೂ ಒಂದು ಕಾರಣ.

ಆಮೇಲೆ ಶ್ವಾನ್ ಕೋಶಗಳು ವಿಭಜಿಸಿ, ನೀಳವಾಗಿ ಚಾಚಿ, ತಂತುವಿದ್ದ ಹಳೆಯ ಕೊಳವೆಯೊಳಗೇ ಸಾಲುಗಟ್ಟುತ್ತವೆ. ಎನ್‌ಜಿಎಫ್, ಬಿಡಿಎನ್‌ಎಫ್, ಜಿಡಿಎನ್‌ಎಫ್ ಎಂಬ ಪೋಷಕ ಪ್ರೊಟೀನುಗಳನ್ನು ಸುರಿಸುತ್ತವೆ. ಹೊಸ ತಂತು ಆ ಸಾಲು ಹಿಡಿದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮುಂದೆ ಸಾಗುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಎಂದರೆ ಆರು ತಿಂಗಳು. ನರದ ತುದಿಗಳನ್ನು ಕೂಡಿಸಿದ ಹೊಲಿಗೆ ದಾಟುವ ಹೊತ್ತು ಬೇರೆ. ತಂತು ತಲುಪಿದಲ್ಲಿ ಅದರ ಮೈಮೇಲಿನ ನ್ಯೂರೆಗ್ಯುಲಿನ್ ಎಂಬ ಪ್ರೊಟೀನು, ಶ್ವಾನ್ ಕೋಶಕ್ಕೆ ಮತ್ತೆ ಸುತ್ತಿಕೊಳ್ಳಲು ಹೇಳುತ್ತದೆ. ಹೊಸ ಮಯಲಿನ್ ಮೊದಲಿನದಕ್ಕಿಂತ ತೆಳು.

ತುದಿಗಳ ನಡುವೆ ಅಂತರ ದೊಡ್ಡದಿದ್ದರೆ ತಂತುಗಳು ದಾರಿ ತಪ್ಪಿ ಮುಟ್ಟಿದರೆ ನೋಯುವ ಗಂಟಾಗುತ್ತವೆ. ಎಳೆದು ಹೊಲಿದರೆ ನರದ ರಕ್ತ ಸಂಚಾರ ಕುಂದುತ್ತದೆ. ಹಾಗಾಗಿ ದೇಹದ ಬೇರೆಡೆಯ ನರದ ತುಣುಕನ್ನು ನಡುವೆ ಕೂಡಿಸುತ್ತಾರೆ.

ತಡ ಮಾಡುವುದೇ ದೊಡ್ಡ ತಪ್ಪು. ತಂತು ಬಾರದೆ ತಿಂಗಳುಗಳು ಕಳೆದರೆ ಸಿ-ಜನ್ ಇಳಿಯುತ್ತದೆ, ಪೋಷಣೆ ಬತ್ತುತ್ತದೆ, ಸ್ನಾಯುವೂ ಸೊರಗುತ್ತದೆ. ಆದ್ದರಿಂದ ಕೈ ಕೊಯ್ದುಕೊಂಡಾಗ ಹೊಲಿಗೆಗೆ ಮೊದಲೇ ಪ್ರತಿ ಬೆರಳ ತುದಿಯನ್ನೂ ಹತ್ತಿಯಿಂದ ಮುಟ್ಟಿಸಿ ನೋಡಬೇಕು. ಹೊಲಿದ ಮೇಲೆ, ನರದ ದಾರಿಯುದ್ದಕ್ಕೂ ಬೆರಳಿನಿಂದ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಿಗೆ ಮೂರು ಸೆಂಟಿಮೀಟರಿನಷ್ಟು ಮುಂದೆ ಸರಿಯಬೇಕು. ಎರಡು ಮೂರು ತಿಂಗಳು ಅಲ್ಲೇ ನಿಂತರೆ ಶಸ್ತ್ರವೈದ್ಯರನ್ನು ಮತ್ತೆ ಕಾಣಿ. ಸ್ಪರ್ಶ ಮರಳುವವರೆಗೆ ಬಿಸಿ ಪಾತ್ರೆಗೆ ಆ ಕೈ ಹಾಕಬೇಡಿ, ಸುಟ್ಟರೂ ತಿಳಿಯದು.