ಕಳೆದರೂ ಎದೆ ಧಸಕ್ಕೆನ್ನದ ಚೆಂಡು

ಎಲ್ಲರಿಗೂ ನಮಸ್ಕಾರ. ಬೀದರ್‌ನಲ್ಲಿ ಗಾಲ್ಫ್ ಚೆಂಡಿನ ಬಗ್ಗೆ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ನಿಮ್ಮಲ್ಲಿ ಹೆಚ್ಚಿನವರು ನಮ್ಮ ಜೊತೆ ಬೆಳಗಿನ ಜಾವ ಎದ್ದು ಗಾಲ್ಫ್ ಆಡಲು ಹೈದರಾಬಾದಿಗೆ ಕಾರು ಓಡಿಸಿದವರೇ. ಹಾಗಾಗಿ ಆಟ ಏನು ಎತ್ತ ಅಂತ ಶುರು ಮಾಡುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ನಮ್ಮ ಗುಂಪಿನ ಒಬ್ಬ ಹುಡುಗ ಆಟ ಬಿಡುತ್ತೇನೆ ಅಂದ. ಕೈ ಚೆನ್ನಾಗಿದೆ, ಒಂದು ಭಾನುವಾರವೂ ತಪ್ಪಿಸಿದವನಲ್ಲ. ಸಂಬಳ ಬಂದ ಖುಷಿಯಲ್ಲಿ ಟೈಟ್ಲಿಸ್ಟ್ ಪ್ರೊ ವಿ1 ಅನ್ನುವ ದುಬಾರಿ ಚೆಂಡು ಒಂದು ಡಜನ್ ತಗೊಂಡಿದ್ದ. ಟಿವಿಯಲ್ಲಿ ದೊಡ್ಡವರು ಅದನ್ನೇ ಆಡುತ್ತಾರೆ, ಅಲ್ವಾ? ಒಂಬತ್ತು ಹೋಲ್ ಮುಗಿಯುವಷ್ಟರಲ್ಲಿ ಏಳು ಚೆಂಡು ಹೋದವು. ಆರನೆಯದು ಪೊದೆಗೆ ಬಿದ್ದ ಮೇಲೆ ನಾನು ಅವನ ಕೈ ನೋಡಿದೆ. ಕ್ಲಬ್ ಹಿಡಿದ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಅಷ್ಟು ಬಿಗಿ ಹಿಡಿತದಲ್ಲಿ ಯಾರ ಭುಜವೂ ತಿರುಗುವುದಿಲ್ಲ. ಏಳನೆಯದೂ ಅದೇ ದಾರಿ ಹಿಡಿಯಿತು. ವಾಪಸ್ ಬರುವಾಗ ಜಹೀರಾಬಾದ್ ದಾಟುವವರೆಗೆ ಅವನು ಒಂದು ಮಾತೂ ಆಡಲಿಲ್ಲ.

ಇವತ್ತು ನಾನು ಇಲ್ಲಿ ನಿಂತಿರುವುದು ಆ ಹುಡುಗನಿಗಾಗಿ. ಕಳೆದರೆ ಎದೆ ಧಸಕ್ ಅನ್ನುವ ಚೆಂಡು ನಮ್ಮ ಚೆಂಡಲ್ಲ. ಈ ಮಾತನ್ನು ಇವತ್ತು ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಆಟದ ಇತಿಹಾಸ ನೋಡಿ. ಸ್ಕಾಟ್ಲೆಂಡಿನಲ್ಲಿ ಹಿಂದೆ ಚರ್ಮದ ಚೀಲದೊಳಗೆ ಪುಕ್ಕ ತುರುಕಿ ಚೆಂಡು ಹೊಲಿಯುತ್ತಿದ್ದರು. ಒಳ್ಳೆ ಕೈಯವನೂ ದಿನಕ್ಕೆ ಮೂರೋ ನಾಲ್ಕೋ ಮಾಡುತ್ತಿದ್ದ. ಹಾಗಾಗಿ ಅದು ಉಳ್ಳವರ ಆಟ. 1848ರ ಹೊತ್ತಿಗೆ ಗಟ್ಟಾಪರ್ಚಾ ಬಂತು. ಮಲಯಾ ಕಡೆಯ ಮರದ ಹಾಲು ಅದು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದರೆ ಚೆಂಡು. ಒಡೆದರೆ ಮತ್ತೆ ಬಿಸಿನೀರು, ಮತ್ತೆ ಉಂಡೆ. ಆಗ ಸಾಮಾನ್ಯ ಜನ ಆಟಕ್ಕೆ ಬಂದರು. ಇನ್ನೊಂದು ಸಂಗತಿ ಕೇಳಿ. ಹೊಸ ನುಣುಪಾದ ಚೆಂಡಿಗಿಂತ ಏಟು ತಿಂದು ಗಾಯವಾದ ಚೆಂಡೇ ನೆಟ್ಟಗೆ, ದೂರ ಹಾರುತ್ತದೆ ಅಂತ ಆ ಜನಕ್ಕೆ ಆಡುತ್ತಾ ಆಡುತ್ತಾ ಗೊತ್ತಾಯಿತು. ಬೇಕಂತಲೇ ಸುತ್ತಿಗೆಯಿಂದ ಗೀರು ಹಾಕತೊಡಗಿದರು. ಇವತ್ತು ಚೆಂಡಿನ ಮೈಮೇಲೆ ಕಾಣುವ ಮುನ್ನೂರಕ್ಕೂ ಜಾಸ್ತಿ ಗುಳಿಗಳ ಮೂಲ ಅದು. ಗುಳಿ ಇಲ್ಲದ ಚೆಂಡು ಹೆಚ್ಚುಕಮ್ಮಿ ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. ಅಗ್ಗದ ಚೆಂಡಿನಿಂದ ಬೆಳೆದ ಆಟ ಇದು. ಅಗ್ಗದ ಚೆಂಡು ಆಡುವುದಕ್ಕೆ ಯಾರೂ ನಾಚಬೇಕಿಲ್ಲ.

ಈಗ ಅಂಗಡಿಗೆ ಬರೋಣ. ನಿಯಮದ ಪ್ರಕಾರ ಯಾವ ಚೆಂಡೂ 45.93 ಗ್ರಾಂಗಿಂತ ಭಾರ ಇರುವಂತಿಲ್ಲ, 42.67 ಮಿಲಿಮೀಟರ್‌ಗಿಂತ ಚಿಕ್ಕದಿರುವಂತಿಲ್ಲ. ಅಗ್ಗದ್ದಕ್ಕೂ ಇದೇ ಅಳತೆ, ದುಬಾರಿಗೂ ಇದೇ. ವ್ಯತ್ಯಾಸ ಇರುವುದು ಒಳಗೆ ಮತ್ತು ಸಿಪ್ಪೆಯಲ್ಲಿ. ಸಾದಾ ಚೆಂಡಲ್ಲಿ ಎರಡೇ ಪದರ. ಒಳಗೆ ರಬ್ಬರ್ ತಿರುಳು, ಮೇಲೆ ಅಯಾನೊಮರ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಕ್ಯಾಲವೇ ಸೂಪರ್‌ಸಾಫ್ಟ್, ಶ್ರಿಕ್ಸನ್ ಸಾಫ್ಟ್ ಫೀಲ್ ಈ ಜಾತಿಯವು. ದುಬಾರಿ ಚೆಂಡಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಪದರ, ಮೇಲೆ ಮೆತ್ತನೆಯ ಯುರೆಥೇನ್. ಆ ಮೆತ್ತನೆ ಸಿಪ್ಪೆ ವೆಜ್‌ನ, ಅಂದರೆ ಚೆಂಡನ್ನು ಮೇಲಕ್ಕೆ ಎತ್ತಿ ಹೊಡೆಯುವ ಕ್ಲಬ್‌ನ, ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ, ಬಿದ್ದು ಗಕ್ಕನೆ ನಿಲ್ಲುತ್ತದೆ. ಹಣ ಕೊಡುವುದು ಮುಖ್ಯವಾಗಿ ಆ ನಿಲುಗಡೆಗೆ.

ಈಗ ಹೇಳಿ, ನಮ್ಮಲ್ಲಿ ಎಷ್ಟು ಜನ ಚೆಂಡನ್ನು ಹಾಗೆ ನಿಲ್ಲಿಸಿ ಆಡುತ್ತೇವೆ? ಗ್ರೀನ್ ಹತ್ತಿರದಿಂದ ಹೊಡೆಯುವ ಸಣ್ಣ ಏಟು, ಅದೇ ಚಿಪ್, ನಮ್ಮದು ಉರುಳುವ ಚಿಪ್. ಬೀಳಿಸುತ್ತೇವೆ, ಉರುಳಿಸುತ್ತೇವೆ. ಅದು ತಪ್ಪಲ್ಲ, ಒಳ್ಳೆಯ ಆಟವೇ. ಅದಕ್ಕೆ ಸಾದಾ ಚೆಂಡು ಸಾಕು. ಇನ್ನೊಂದು ಲಾಭವೂ ಉಂಟು. ಸಾದಾ ಚೆಂಡು ಸ್ಪಿನ್ ಕಮ್ಮಿ ತಗೊಳ್ಳುತ್ತದೆ. ಹಾಗಾಗಿ ಬಲಕ್ಕೆ ತಿರುಗಿ ಓಡುವ ನಮ್ಮ ಸ್ಲೈಸ್ ಕೂಡ ಸ್ವಲ್ಪ ಕಮ್ಮಿ ತಿರುಗುತ್ತದೆ. ಪೊದೆಗೆ ಹೋಗುವ ಚೆಂಡು ಪೊದೆಯ ಅಂಚಿಗೆ ನಿಂತರೂ ಸಾಕಲ್ಲವೇ? ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ. 2019ಕ್ಕಿಂತ ಮುಂಚೆ ಐದಿತ್ತು.

ಒಂದು ಘಟನೆ ಹೇಳಲೇಬೇಕು. ಊರ ಹೊರಗಿನ ಮುರುಮಿನ ಬಯಲಲ್ಲಿ ನಾವು ಅಭ್ಯಾಸ ಮಾಡುತ್ತೇವಲ್ಲ, ಅಲ್ಲಿಗೆ ಎಮ್ಮೆ ಮೇಯಿಸಲು ಒಬ್ಬ ಹುಡುಗ ಬರುತ್ತಾನೆ. ಹನ್ನೊಂದೋ ಹನ್ನೆರಡೋ ವಯಸ್ಸು. ನಾವು ಕಳೆದ ಚೆಂಡನ್ನೆಲ್ಲ ಹೆಕ್ಕಿ ಇಡುತ್ತಾನೆ. ಒಂದು ದಿನ ಹೋದಾಗ ಕಲ್ಲಿನ ಮೇಲೆ ಎರಡು ಗುಡ್ಡೆ ಮಾಡಿಟ್ಟಿದ್ದ. "ಕಾಕಾ, ಇವು ಬ್ಯಾರೆ, ಅವು ಬ್ಯಾರೆ ಅವ ರೀ" ಅಂದ. ಹೇಗೆ ಗೊತ್ತು ಅಂದೆ. ಒಂದು ಚೆಂಡು ತಗೊಂಡು ಕಲ್ಲಿಗೆ ಕುಟ್ಟಿದ. ಟಕ್ ಅಂತು. ಇನ್ನೊಂದು ಗುಡ್ಡೆಯಿಂದ ತಗೊಂಡು ಕುಟ್ಟಿದ. ಸದ್ದು ತಗ್ಗಿ ಟೊಕ್ ಅಂತು. ಆಮೇಲೆ ಆ ಎರಡನೆಯದನ್ನು ಉಗುರಿನಿಂದ ಒತ್ತಿ ತೋರಿಸಿದ, ಸಿಪ್ಪೆಯ ಮೇಲೆ ಸಣ್ಣ ಗೆರೆ ಮೂಡಿತು. ನಾನು ಮೊಣಕಾಲೂರಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದೆ. ಒಂದು ಗುಡ್ಡೆಯಲ್ಲಿ ಎಲ್ಲ ಅಯಾನೊಮರ್, ಇನ್ನೊಂದರಲ್ಲಿ ಎಲ್ಲ ಯುರೆಥೇನ್. ಒಂದೂ ತಪ್ಪಿರಲಿಲ್ಲ! ಚೆಂಡಿನ ಮೇಲೆ ಬರೆದ ಅಕ್ಷರ ಅವನಿಗೆ ಓದಲು ಬರುವುದಿಲ್ಲ, ಬೆಲೆ ಗೊತ್ತಿಲ್ಲ. ಕಿವಿ ಇದೆ, ಉಗುರು ಇದೆ.

ನಮ್ಮ ಬಿದ್ರಿ ಕೆಲಸದವರು ಕೋಟೆಯ ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿಯೇ ಆರಿಸುವುದನ್ನು ನೀವೆಲ್ಲ ಕೇಳಿದ್ದೀರಿ. ಸತುವಿನ ಪಾತ್ರೆಗೆ ಕಪ್ಪು ಹತ್ತುತ್ತದೋ ಇಲ್ಲವೋ ಅಂತ ಅವರ ನಾಲಿಗೆ ಹೇಳುತ್ತದೆ. ಆ ಹುಡುಗ ಮಾಡಿದ್ದೂ ಅದನ್ನೇ. ಡಬ್ಬಿಯ ಮೇಲಿನ ಮಾತು ಓದಿ ಚೆಂಡು ಆರಿಸಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಮತ್ತೆ, ಯುರೆಥೇನ್ ಗುಡ್ಡೆಯ ಸ್ಥಿತಿ ಹೇಳಬೇಕು. ಮುರುಮಿನ ಹರಳು ತಾಗಿ ಮೈಯೆಲ್ಲ ತರಚಿತ್ತು. ಅಯಾನೊಮರ್ ಚೆಂಡು ತೊಳೆದರೆ ಇನ್ನೂ ಒಂದು ತಿಂಗಳು ಆಡಬಹುದಿತ್ತು. ನಮ್ಮ ನೆಲಕ್ಕೆ ಯಾವುದು ಒಗ್ಗುತ್ತದೆ ಅಂತ ನಮ್ಮ ನೆಲವೇ ಹೇಳಿಬಿಟ್ಟಿದೆ.

ಹಾಗಾದರೆ ಆರಿಸುವುದು ಹೇಗೆ? ಮೂರು ಚೆಂಡಿನ ಸ್ಲೀವ್ ಸಿಗುತ್ತದೆ. ಎರಡು ಮಾದರಿಯ ಒಂದೊಂದು ಸ್ಲೀವ್ ತಗೊಳ್ಳಿ. ದೂರ ಹೊಡೆಯುವ ಕ್ಲಬ್ ಡ್ರೈವರ್ ಮುಟ್ಟಬೇಡಿ. ನಮ್ಮ ವೇಗದ ಏಟಿಗೆ ಡ್ರೈವರ್‌ನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಗ್ರೀನ್ ಹತ್ತಿರ ನಿಂತು ಹತ್ತು ಹತ್ತು ಚಿಪ್ ಮಾಡಿ, ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್ ಪಟರ್‌ನಿಂದ ಹತ್ತು ಹತ್ತು ಸಲ ತಳ್ಳಿ. ಯಾವುದರ ಸದ್ದು, ಯಾವುದರ ಓಟ ನಿಮ್ಮ ಕೈಗೆ ಮೊದಲೇ ಗೊತ್ತಾಗುತ್ತದೋ ಅದು ನಿಮ್ಮದು. ಆಮೇಲೆ ಇಡೀ ವರ್ಷ ಅದನ್ನೇ ಆಡಿ. ಇದು ದೊಡ್ಡ ವಿಷಯ. ದೊಡ್ಡ ಪಂದ್ಯಗಳಲ್ಲಿ ಒಂದು ಸುತ್ತು ಪೂರ್ತಿ ಒಂದೇ ಮಾದರಿ ಆಡಬೇಕು ಅಂತ ನಿಯಮವನ್ನೇ ಹಾಕುತ್ತಾರೆ. ನಾವೋ, ಒಂದು ಹೋಲ್‌ಗೆ ಸಿಕ್ಕಿದ ಚೆಂಡು, ಮುಂದಿನದಕ್ಕೆ ಗೆಳೆಯ ಕೊಟ್ಟ ಚೆಂಡು. ಹತ್ತು ಹೆಜ್ಜೆ ಉರುಳಬೇಕಾದ್ದು ಒಮ್ಮೆ ಎಂಟು, ಒಮ್ಮೆ ಹನ್ನೆರಡು. ತಪ್ಪು ಕೈಯದೋ ಚೆಂಡಿನದೋ ತಿಳಿಯುವುದೇ ಇಲ್ಲ. ಒಂದೇ ಮಾದರಿ ಆಡಬೇಕಾದರೆ ಡಜನ್‌ಗಟ್ಟಲೆ ಕೊಳ್ಳುವ ಶಕ್ತಿ ಬೇಕು. ಅಲ್ಲಿಗೆ ಮತ್ತೆ ಅದೇ ಮಾತು: ಕಳೆದರೆ ಎದೆ ಧಸಕ್ ಅನ್ನಬಾರದು. ಒಂದು ಡಜನ್ ದುಬಾರಿ ಚೆಂಡಿನ ದುಡ್ಡಿಗೆ ಎರಡು ಡಜನ್ ಸಾದಾ ಚೆಂಡು ಆರಾಮಾಗಿ ಬರುತ್ತವೆ.

ಹಳೆ ಚೆಂಡು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕೆರೆಯಿಂದ ತೆಗೆದು ತೊಳೆದ ಚೆಂಡು ಬೇರೆ, ಹೊಸ ಬಣ್ಣ ಬಳಿದ ಚೆಂಡು ಬೇರೆ. ಒಮ್ಮೆ ಒಂದು ಅಂಗಡಿಯಲ್ಲಿ ಹಾಲಿನ ಹಾಗೆ ಬೆಳ್ಳಗಿರುವ ಇಪ್ಪತ್ತು ಚೆಂಡು ತಂದೆ. ಮೂರನೇ ಏಟಿಗೆ ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಕೆಳಗೆ ಬೇರೆ ಹೆಸರು! ಬಣ್ಣ ತುಂಬಿಕೊಂಡು ಗುಳಿಗಳೂ ಮುಚ್ಚಿಹೋಗಿದ್ದವು. ತೊಳೆದದ್ದು ತಗೊಳ್ಳಿ, ಬಳಿದದ್ದು ಬೇಡ. ಕಾರ್ಖಾನೆಯವರೇ ಮುದ್ರೆಯ ಸಣ್ಣ ದೋಷಕ್ಕೆ ಎಕ್ಸ್ ಗುರುತು ಹಾಕಿ ಕಮ್ಮಿ ಬೆಲೆಗೆ ಮಾರುವ ಚೆಂಡು ಆಗಬಹುದು. ಅಭ್ಯಾಸದ ಮೈದಾನದ ರೇಂಜ್ ಚೆಂಡು ಮಾತ್ರ ಬೇಡ, ಅದು ಏಟು ತಿನ್ನಲು ಮಾಡಿದ್ದು, ದೂರ ಹೋಗುವುದಿಲ್ಲ.

ಸಮಯ ಆಯಿತು ಅಂತ ಚೀಟಿ ಬಂತು. ಗಾಳಿಯ ಬಗ್ಗೆ, ಚೆಂಡು ಎಷ್ಟು ಮೆತ್ತಗಿದೆ ಅಂತ ಹೇಳುವ ಕಂಪ್ರೆಷನ್ ಸಂಖ್ಯೆಯ ಬಗ್ಗೆ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ. ಕಂಪ್ರೆಷನ್ ಬಗ್ಗೆ ಒಂದೇ ಮಾತು. ಮೆತ್ತನೆ ಚೆಂಡು ಕೈಗೆ ಹಿತ, ಆದರೆ ಮೆತ್ತಗಿದೆ ಅಂತಲೇ ದೂರ ಹೋಗುವುದಿಲ್ಲ. ಕೈಗೆ ಹಿತವಾದರೆ ತಗೊಳ್ಳಿ, ಅಷ್ಟೇ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬರಬೇಡಿ. ಪೆನ್ನಿನಿಂದ ನಿಮ್ಮ ಗುರುತು ಹಾಕಿಕೊಳ್ಳಿ. ನಾಳೆ ನಿಮ್ಮ ಹ್ಯಾಂಡಿಕ್ಯಾಪ್, ಅಂದರೆ ಕಮ್ಮಿಯಾದಷ್ಟೂ ಆಟ ಒಳ್ಳೆಯದು ಅನ್ನುವ ಆ ಸಂಖ್ಯೆ, ಒಂದಂಕಿಗೆ ಇಳಿದರೆ, ಚೆಂಡನ್ನು ಬೇಕಾದ ಕಡೆ ನಿಲ್ಲಿಸುವ ಏಟು ಬಂದರೆ, ಆಗ ಯುರೆಥೇನ್ ತಗೊಳ್ಳಿ. ಆಗಲೂ ಹಿಂದಿನ ವರ್ಷದ ಮಾದರಿ ಕೇಳಿ, ಕಮ್ಮಿಗೆ ಸಿಗುತ್ತದೆ.

ಹಿಂದಿನ ಬಾಗಿಲ ಹತ್ತಿರ ಒಂದು ಬಕೆಟ್ ಇಟ್ಟಿದ್ದೇನೆ. ಲೀಟರಿಗೆ ಕಾಲು ಕಿಲೋ ಲೆಕ್ಕದಲ್ಲಿ ಉಪ್ಪು ಕರಗಿಸಿದ್ದೇನೆ. ಬರಿ ನೀರಲ್ಲಿ ಮುಳುಗುವ ಚೆಂಡು ಅದರಲ್ಲಿ ತೇಲುತ್ತದೆ. ಮೇಲೆ ಬಂದ ಜಾಗಕ್ಕೆ ಚುಕ್ಕೆ ಇಡಿ, ಬೆರಳಿಂದ ತಿರುಗಿಸಿ ಬಿಡಿ. ಪ್ರತಿ ಸಲ ಅದೇ ಚುಕ್ಕೆ ಮೇಲೆ ಬಂದರೆ ಆ ಚೆಂಡಿನ ಒಂದು ಮಗ್ಗಲು ಭಾರ ಅಂತ. ಪಟ್ ಮಾಡುವಾಗ ಓರೆ ಓಡಬಹುದು, ಅದನ್ನು ಅಭ್ಯಾಸಕ್ಕೆ ಇಡಿ. ನಿಮ್ಮ ನಿಮ್ಮ ಚೆಂಡು ತಂದಿದ್ದೀರಲ್ಲ, ಬನ್ನಿ. ಆಟ ಬಿಡುತ್ತೇನೆ ಅಂದ ಆ ಹುಡುಗನೂ ಬಂದಿದ್ದಾನೆ, ಉಳಿದ ಐದು ಚೆಂಡು ಜೇಬಲ್ಲಿದೆ. ಮೊದಲ ಸರದಿ ಅವನದು.