ಸ್ಥಾಪಕ ಶಾಸನ: ಅರ್ಥ ಮತ್ತು ಎಲ್ಲೆ

ಮಾನ್ಯರೇ,

ಸಂಸ್ಥೆಯೊಂದಕ್ಕೆ ಒಂದು ನಿರ್ದಿಷ್ಟ ಕೆಲಸ ಮಾಡುವ ಅಧಿಕಾರವಿದೆಯೇ ಎಂಬ ಪ್ರಶ್ನೆ ಎದ್ದಾಗ, ನ್ಯಾಯಾಲಯ ಮೊದಲು ನೋಡುವುದು ಆ ಸಂಸ್ಥೆಯನ್ನು ಹುಟ್ಟಿಸಿದ ಕಾನೂನನ್ನು. ಅದೇ ಸ್ಥಾಪಕ ಶಾಸನ. ಅದರ ಅಡಿಯಲ್ಲಿ ರಚಿತವಾದ ನಿಯಮ, ವಿನಿಯಮಗಳ ಕಡೆಯಿಂದ ನೋಡಿದಾಗ ಅದನ್ನೇ ಮೂಲ ಅಧಿನಿಯಮ ಎನ್ನುತ್ತೇವೆ.

ಕಳವನ್ನು ದಂಡಿಸುವ ಕಾನೂನು ಈಗಾಗಲೇ ಇರುವ ಮನುಷ್ಯರ ನಡತೆಗೆ ಕಟ್ಟುಪಾಡು ಹಾಕುತ್ತದೆ. ಸ್ಥಾಪಕ ಶಾಸನವಾದರೋ ಅದುವರೆಗೆ ಇಲ್ಲದಿದ್ದ, ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯೆನಿಸುವ ಸಂಸ್ಥೆಯನ್ನೇ ಸೃಷ್ಟಿಸುತ್ತದೆ. 'ಶಾಶ್ವತ ಉತ್ತರಾಧಿಕಾರ ಮತ್ತು ಸಾಮಾನ್ಯ ಮೊಹರುಳ್ಳ ನಿಗಮಿತ ನಿಕಾಯ' (ಸದಸ್ಯರು ಬದಲಾದರೂ ತಾನು ಉಳಿಯುವ, ತನ್ನದೇ ಮುದ್ರೆಯುಳ್ಳ ಸಂಸ್ಥೆ) ಎಂಬ ಒಣಗಿದಂತೆ ಕಾಣುವ ಮಾತಿನಿಂದಲೇ ಆ ಸಂಸ್ಥೆಗೆ ಆಸ್ತಿ ಹೊಂದುವ, ಕರಾರು ಮಾಡಿಕೊಳ್ಳುವ, ದಾವೆ ಹೂಡುವ ಮತ್ತು ದಾವೆಗೆ ಗುರಿಯಾಗುವ ಸಾಮರ್ಥ್ಯ ಬರುತ್ತದೆ. ಕಂಪನಿಗಳ ಕಾನೂನಿನಡಿ ನೋಂದಣಿಯಾದ ಕಂಪನಿ ಈ ಬಗೆಯದಲ್ಲ. ಅದು ಕಾನೂನಿಗೆ ಅನುಸಾರವಾಗಿ ಹುಟ್ಟುತ್ತದೆಯೇ ಹೊರತು ಕಾನೂನಿನಿಂದಲೇ ಅಲ್ಲ. 1956ರ ಅಧಿನಿಯಮದಿಂದ ಹುಟ್ಟಿದ ಭಾರತೀಯ ಜೀವ ವಿಮಾ ನಿಗಮವೂ ಸೇರಿದಂತೆ ಕೆಲವು ಶಾಸನಬದ್ಧ ನಿಗಮಗಳ ವಿನಿಯಮಗಳಿಗೆ ಕಾನೂನಿನ ಬಲವಿದೆ ಎಂದು ಸುಖದೇವ್ ಸಿಂಗ್ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ಹೇಳಿದ್ದರಿಂದ, ಅವನ್ನು ಮೀರಿ ನೌಕರನನ್ನು ವಜಾ ಮಾಡಿದರೆ ಆ ವಜಾ ನಿಲ್ಲದಾಯಿತು.

ಹುಟ್ಟಿಸುವ ಕಾನೂನೇ ಎಲ್ಲೆಯನ್ನೂ ಗೆರೆ ಎಳೆದು ತೋರಿಸುತ್ತದೆ ಎಂಬುದು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಮನುಷ್ಯನಾದರೆ, ಕಾನೂನು ನಿಷೇಧಿಸದ ಯಾವ ಕೆಲಸವನ್ನೂ ಮಾಡಬಹುದು. ಶಾಸನದಿಂದ ಹುಟ್ಟಿದ ಸಂಸ್ಥೆ ಶಾಸನ ಕೊಟ್ಟಷ್ಟನ್ನು ಮಾತ್ರ ಮಾಡಬಹುದು. ಕೊಟ್ಟ ಅಧಿಕಾರಕ್ಕೆ ಸಹಜವಾಗಿ ಅಂಟಿಕೊಂಡ ಆನುಷಂಗಿಕ ಕೆಲಸಗಳಿಗೆ ಅವಕಾಶವಿದೆ ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1880ರಲ್ಲೇ, ಶಾಸನದಿಂದಲೇ ಹುಟ್ಟಿದ್ದ ಒಂದು ರೈಲ್ವೆ ಕಂಪನಿಯ ಪ್ರಕರಣದಲ್ಲಿ ಒಪ್ಪಿತ್ತು. ಆದರೆ ಈ ರಿಯಾಯಿತಿ ಎಲ್ಲಿಯವರೆಗೆ? ಲಂಡನ್ನಿನ ಹ್ಯಾಮರ್‌ಸ್ಮಿತ್ ಮತ್ತು ಫುಲ್‌ಹ್ಯಾಮ್ ಸ್ಥಳೀಯ ಮಂಡಳಿ ಬಡ್ಡಿದರಗಳ ಏರಿಳಿತದ ಮೇಲೆ ಬ್ಯಾಂಕುಗಳೊಂದಿಗೆ ವಿನಿಮಯ ಕರಾರುಗಳನ್ನು ಮಾಡಿಕೊಂಡಿತ್ತು. ಸಾಲ ಎತ್ತುವ ಅಧಿಕಾರ ಮಂಡಳಿಗಿತ್ತು; ಇಂಥ ಕರಾರಿನ ಅಧಿಕಾರ ಅದರೊಳಗೆ ಅಡಗಿಲ್ಲವೆಂದು 1991ರಲ್ಲಿ ಅದೇ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಎರಡೂ ಕಡೆಯವರು ಮನಃಪೂರ್ವಕವಾಗಿ ಒಪ್ಪಿ ಸಹಿ ಹಾಕಿದ್ದರೂ ಕರಾರುಗಳು ಅಧಿಕಾರಾತೀತವಾಗಿ, ಆರಂಭದಿಂದಲೇ ಶೂನ್ಯವಾದವು. ಬ್ಯಾಂಕುಗಳಿಗೆ ಇದು ಕಠಿಣವೆನಿಸಿದ್ದು ಸಹಜ. ಆದರೂ ತೀರ್ಪು ಸರಿಯೆಂದೇ ನನ್ನ ನಂಬಿಕೆ. ಒಪ್ಪಿಗೆಯಿಂದಲೇ ಅಧಿಕಾರ ಹುಟ್ಟುವುದಾದರೆ ಶಾಸನಸಭೆ ಎಳೆದ ಗೆರೆಯನ್ನು ಯಾವ ಮಂಡಳಿಯಾದರೂ ಒಂದು ಸಹಿಯಿಂದ ಅಳಿಸಬಹುದು.

ನಿಯಮದ ಬೇರು ಅಧಿನಿಯಮದಲ್ಲಿ, ಅಧಿನಿಯಮದ ಬೇರು ಸಂವಿಧಾನದಲ್ಲಿ. ಸಂವಿಧಾನದ ಬೇರು ಎಲ್ಲಿ? ಕೆನಡಾದ ಸಂವಿಧಾನದ ಮುಖ್ಯ ತಿದ್ದುಪಡಿಗಳಿಗೆ 1982ರವರೆಗೂ ಬ್ರಿಟಿಷ್ ಸಂಸತ್ತಿನ ಕಾಯಿದೆಯೇ ಬೇಕಿತ್ತು. ಭಾರತದ ಸಂವಿಧಾನ ಬೇರೆ ದಾರಿ ಹಿಡಿಯಿತು: ತನ್ನ 395ನೆಯ ಅನುಚ್ಛೇದದ ಮೂಲಕ ಬ್ರಿಟಿಷ್ ಸಂಸತ್ತು ಮಾಡಿದ್ದ 1947ರ ಭಾರತ ಸ್ವಾತಂತ್ರ್ಯ ಅಧಿನಿಯಮವನ್ನೇ ನಿರಸನಗೊಳಿಸಿತು. ಹಾಗೆ ಮಾಡುವಾಗಲೂ ಹಳೆಯ ಕಾನೂನುಗಳನ್ನು ಅದು ಅನಾಥವಾಗಿ ಬಿಡಲಿಲ್ಲ. 1860ರ ದಂಡ ಸಂಹಿತೆಯಂಥವು ಬಹುಮಟ್ಟಿಗೆ ಹಾಗೆಯೇ ಮುಂದುವರಿದರೂ, 1950ರ ಜನವರಿ 26ರಿಂದ ಅವುಗಳಿಗೆ ಬಲ ಬಂದದ್ದು ಅದೇ ಸಂವಿಧಾನದ 372ನೆಯ ಅನುಚ್ಛೇದದಿಂದ.