ಒಂದೇ ಮೂಟೆಯಲ್ಲಿ ಹಲವು ವಿಷ: ಬೂಷ್ಟು ಹಿಡಿದ ಕಾಳಿನ ಅಸಲಿ ಅಪಾಯ

(ತೆರೆಯ ಮೇಲೆ: ಟರ್ಕಿ ಕೋಳಿಗಳ ಹಿಂಡು. ಇಂಗ್ಲೆಂಡ್, 1960)

ನಮಸ್ಕಾರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಕಾರಣ ಗೊತ್ತಿರಲಿಲ್ಲ, ಹಾಗಾಗಿ 'ಟರ್ಕಿ ಎಕ್ಸ್' ರೋಗ ಅಂತ ಕರೆದರು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಟ್ಟಿತ್ತು.

ಸಾಮಾನ್ಯವಾಗಿ ಈ ಕತೆ ಇಲ್ಲಿಗೇ ಮುಗಿಯುತ್ತದೆ. ಆದರೆ 1980ರ ದಶಕದಲ್ಲಿ ಸಂಶೋಧಕರು ಇದನ್ನು ಮತ್ತೆ ಕೆದಕಿದರು. ಆ ಕೋಳಿಗಳಲ್ಲಿ ಕಂಡ ಕೆಲವು ಲಕ್ಷಣಗಳಿಗೆ ಅಫ್ಲಾಟಾಕ್ಸಿನ್ ಒಂದೇ ಕಾರಣ ಆಗಿರಲಾರದು, ಅದೇ ಬೂಷ್ಟು ತಯಾರಿಸುವ ಸೈಕ್ಲೋಪಿಯಾಜೋನಿಕ್ ಆಮ್ಲವೂ ಜೊತೆಗಿದ್ದಿರಬೇಕು ಎಂದರು. ಅಂದರೆ ಈ ವಿಷಗಳ ಪಾಠ ಶುರುವಾದ ಪ್ರಕರಣವೇ ಬಹುಶಃ ಮಿಶ್ರ ವಿಷದ್ದು!

(ತೆರೆಯ ಮೇಲೆ: ಬೂಷ್ಟು ಹಿಡಿದ ಮೆಕ್ಕೆಜೋಳದ ತೆನೆ, ಹತ್ತಿರದಿಂದ)

ಇದರಲ್ಲಿ ಅಚ್ಚರಿ ಏನೂ ಇಲ್ಲ. ಫ್ಯುಸೇರಿಯಂ ಜಾತಿಯ ಒಂದೇ ಶಿಲೀಂಧ್ರ (ಅಂದರೆ ಬೂಷ್ಟು) ಡಾನ್, ಅಂದರೆ ಡಿಆಕ್ಸಿನಿವಲೆನಾಲ್, ಮತ್ತು ಜಿಯರಲೆನೋನ್ ಎಂಬ ಎರಡು ವಿಷಗಳನ್ನೂ ಮಾಡಬಲ್ಲದು. ಒಂದೇ ತೆನೆಯಲ್ಲಿ ಎರಡು ಮೂರು ಬಗೆಯ ಬೂಷ್ಟು ಇರಬಹುದು. ಇನ್ನು ಪಶು ಆಹಾರ ಅಂದರೆ ಕಾಳು, ತೌಡು, ಹಿಂಡಿ ಎಲ್ಲ ಸೇರಿದ್ದು. ಪ್ರತಿಯೊಂದೂ ತನ್ನ ವಿಷ ತನ್ನ ಜೊತೆ ತರುತ್ತದೆ.

ಈಗ ಮುಖ್ಯ ಪ್ರಶ್ನೆ. ಇವೆಲ್ಲ ಒಟ್ಟಿಗೆ ಒಳಗೆ ಹೋದರೆ ಏನಾಗುತ್ತದೆ?

ಅಫ್ಲಾಟಾಕ್ಸಿನ್ ಬಿ1 ನಮ್ಮ ಯಕೃತ್ತಿನಲ್ಲೇ ರೂಪ ಬದಲಿಸಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಸಿಗುವ ಫ್ಯುಮೋನಿಸಿನ್ ಡಿಎನ್‌ಎಗೆ ನೇರವಾಗಿ ಕೈ ಹಾಕುವುದಿಲ್ಲ. ಅದು ಜೀವಕೋಶದ ಪೊರೆಗೆ ಬೇಕಾದ ಕೊಬ್ಬಿನ ತಯಾರಿಯನ್ನು ಕೆಡಿಸುತ್ತದೆ. ಟ್ರೌಟ್ ಮೀನು ಮತ್ತು ಇಲಿಗಳಿಗೆ ಮೊದಲು ಅಫ್ಲಾಟಾಕ್ಸಿನ್, ಆಮೇಲೆ ಫ್ಯುಮೋನಿಸಿನ್ ಕೊಟ್ಟು ನೋಡಿದ್ದಾರೆ. ಮೀನಿನಲ್ಲಿ ಯಕೃತ್ತಿನ ಗಡ್ಡೆಗಳು ಹೆಚ್ಚಿದವು. ಇಲಿಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಗಳು ಹೆಚ್ಚಿದವು. ಒಂದು ಬೀಜ ಬಿತ್ತಿತು, ಇನ್ನೊಂದು ನೀರು ಹಾಯಿಸಿತು.

ಡಾನ್ ಬೇರೆ ದಾರಿ ಹಿಡಿಯುತ್ತದೆ. ಅದು ಕೋಶಗಳ ಪ್ರೋಟೀನ್ ತಯಾರಿ ತಡೆದು ಕರುಳಿನ ಒಳಪದರವನ್ನು ಸಡಿಲ ಮಾಡುತ್ತದೆ. ಆಗ ರೋಗಾಣುಗಳು ಒಳಗೆ ನುಗ್ಗುವುದು ಸುಲಭ. ಹಂದಿಗಳು ಇದಕ್ಕೆ ಬೇಗ ತುತ್ತಾಗುತ್ತವೆ: ಮೇವು ಬಿಡುತ್ತವೆ, ಪ್ರಮಾಣ ಜಾಸ್ತಿಯಾದರೆ ವಾಂತಿ ಮಾಡುತ್ತವೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಡಾನ್ ಅನ್ನು ಬಹುಮಟ್ಟಿಗೆ ಒಡೆದುಹಾಕುತ್ತವೆ. ಆದರೆ ಅದೇ ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ದೇಹದಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ರೂಪ ತಾಳಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ.

ಒಂದು ಮಾತು ಮಾತ್ರ ನೇರವಾಗಿ ಹೇಳಬೇಕು. ಎರಡು ವಿಷ ಸೇರಿದರೆ ಯಾವಾಗಲೂ ಎರಡರಷ್ಟು ಹಾನಿ ಅಂತಲ್ಲ. ಕೆಲವೊಮ್ಮೆ ಸುಮ್ನೆ ಕೂಡಿಕೆಯಾಗುತ್ತದೆ, ಕೆಲವೊಮ್ಮೆ ಲೆಕ್ಕ ಮೀರುತ್ತದೆ, ಕೆಲವೊಮ್ಮೆ ಒಂದು ಇನ್ನೊಂದನ್ನು ತಗ್ಗಿಸುವುದೂ ಉಂಟು. ಪ್ರಮಾಣ, ಪ್ರಾಣಿ, ಅಂಗ ಬದಲಾದರೆ ಫಲಿತಾಂಶವೂ ಬದಲು. 'ಹತ್ತು ಪಟ್ಟು ಅಪಾಯ' ಅಂತ ಯಾರಾದರೂ ಒಂದೇ ಅಂಕಿ ಹೇಳಿದರೆ ನಂಬಬೇಡಿ.

(ತೆರೆಯ ಮೇಲೆ: ಪ್ರಯೋಗಾಲಯದ ವರದಿ)

ನನ್ನನ್ನು ಕಾಡುವುದು ನಿಯಮದ ವಿಷಯ. ಮಿತಿಗಳನ್ನು ಹೆಚ್ಚಾಗಿ ಒಂದೊಂದು ವಿಷಕ್ಕೆ, ಇಲ್ಲವೇ ಒಂದೇ ಕುಟುಂಬದ ವಿಷಗಳಿಗೆ ಬೇರೆಬೇರೆಯಾಗಿ ಗೊತ್ತುಮಾಡಿದ್ದಾರೆ. ನಾಲ್ಕು ವಿಷ ಇದ್ದು, ನಾಲ್ಕೂ ಮಿತಿಯ ಒಳಗಿದ್ದರೆ ಆ ಮೂಟೆ ಪಾಸ್! ಪ್ರಾಣಿಯ ದೇಹ ಹಾಗೆ ಬಿಡಿಬಿಡಿಯಾಗಿ ಲೆಕ್ಕ ಹಾಕುವುದಿಲ್ಲ, ಅಲ್ವಾ? ಇನ್ನೊಂದು ತೊಡಕೂ ಇದೆ. ಗಿಡ ಡಾನ್‌ಗೆ ಸಕ್ಕರೆಯ ಅಣುವೊಂದನ್ನು ಅಂಟಿಸಿ ಬಚ್ಚಿಡುತ್ತದೆ. ಡಾನ್ ಮಾತ್ರ ಹುಡುಕುವ ಪರೀಕ್ಷೆಗೆ ಅದು ಕಾಣದೆ ಹೋಗಬಹುದು. ಕರುಳಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಕತ್ತರಿಸಿದರೆ ಡಾನ್ ಮತ್ತೆ ಹೊರಬರುತ್ತದೆ.

ಹಾಗಾದರೆ ಮಾಡುವುದೇನು? ಮೇವಿಗೆ ಬೆರೆಸುವ ಬೆಂಟೊನೈಟ್ ಜೇಡಿಮಣ್ಣು ಅಫ್ಲಾಟಾಕ್ಸಿನ್ ಅನ್ನು ಚೆನ್ನಾಗಿ ಹಿಡಿಯುತ್ತದೆ, ಡಾನ್ ಅನ್ನು ಹಿಡಿಯುವುದು ತೀರಾ ಕಮ್ಮಿ. ಹೀಗೆ ವಿಷ ಹಿಡಿಯಲು ಮೇವಿಗೆ ಬೆರೆಸುವ 'ಟಾಕ್ಸಿನ್ ಬೈಂಡರ್' ಕೊಳ್ಳುವ ಮುಂಚೆ ಯಾವ ವಿಷಕ್ಕೆ ಅಂತ ಕೇಳಿ. ಕೊಯ್ಲಾದ ಕೂಡಲೇ ಕಾಳು ಚೆನ್ನಾಗಿ ಒಣಗಿಸಿ, ಒಡೆದ, ಬಣ್ಣಗೆಟ್ಟ ಕಾಳು ಆರಿಸಿ ತೆಗೆಯಿರಿ. ಫ್ಯುಸೇರಿಯಂ ಹೊಲದಲ್ಲೇ ಹತ್ತಿರುತ್ತದೆ, ಆದ್ದರಿಂದ ಗೋದಾಮು ಎಷ್ಟೇ ಚೆನ್ನಾಗಿದ್ದರೂ ಅದೊಂದೇ ಸಾಲದು. ಬೂಷ್ಟು ಮೂಟೆಯ ತುಂಬ ಒಂದೇ ಸಮ ಹರಡಿರುವುದಿಲ್ಲ. ಪರೀಕ್ಷೆಗೆ ಕಳಿಸುವಾಗ ಒಂದೇ ಕಡೆಯಿಂದ ಹಿಡಿ ಕಾಳು ತೆಗೆಯಬೇಡಿ. ಹಲವು ಕಡೆಯಿಂದ ತೆಗೆದು ಬೆರೆಸಿ ಕಳಿಸಿ, ಹಲವು ವಿಷಗಳನ್ನು ಒಟ್ಟಿಗೆ ಅಳೆಯುವ ಪರೀಕ್ಷೆಯನ್ನೇ ಕೇಳಿ.